ಹಸಿರು ಗುಂಡಿಯಾಚೆ ಹೋದ ಹನ್ನೊಂದು ಮಂದಿ

ಹಸಿರು ಗುಂಡಿಯನ್ನು ಮುಟ್ಟಿದರೆ ಫೋನಿನ ಪರದೆ ಅರ್ಧ ಸೆಕೆಂಡು ಪೂರ್ತಿ ಬಿಳಿಯಾಗುತ್ತದೆ. ಸೀರೆಯ ಚಿತ್ರ ಮಾಯವಾಗಿರುತ್ತದೆ, ಮೆಸೇಜಿನ ಆ್ಯಪ್ ಇನ್ನೂ ತೆರೆದಿರುವುದಿಲ್ಲ. ಒಂದು ಆ್ಯಪಿನೊಳಗಿಂದ ಇನ್ನೊಂದನ್ನು ತೆರೆಯುವಾಗ ಹೀಗೊಂದು ಬಿಳಿ ಕ್ಷಣ ಬರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ನಾನು ಗಮನಿಸುತ್ತೇನೆ, ಏಕೆಂದರೆ ಆ ಗುಂಡಿಯನ್ನು ಮಾಡಿದವಳು ನಾನೇ. ಆ ಹೊತ್ತಿಗೆ ನನ್ನ ಆ್ಯಪ್ ಮೆಸೇಜಿನ ಆ್ಯಪಿನ ಕೈಗೆ ಒಂದು ಚೀಟಿ ಕೊಟ್ಟಿರುತ್ತದೆ: ಇಂಥವರ ನಂಬರಿಗೆ ಇಂಥ ಮಾತು ಹೇಳು. ಅಲ್ಲಿಗೆ ನನ್ನದರ ಕೆಲಸ ಮುಗಿಯಿತು. ಆ ಮಾತು ಮುಟ್ಟಿತೇ, ಉತ್ತರ ಬಂತೇ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಇಷ್ಟು ಅಚ್ಚುಕಟ್ಟಾದ ಸಂಬಂಧ ಮನುಷ್ಯರಲ್ಲಿ ಯಾಕಿಲ್ಲ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇಳಕಲ್ಲಿನ ನಮ್ಮ ಓಣಿಯಲ್ಲಂತೂ ಇಲ್ಲ. ಹಿತ್ತಲ ಬಾಗಿಲುಗಳೆಲ್ಲ ಒಂದಕ್ಕೊಂದು ಕೂಡಿರುವುದರಿಂದ ಬೀದಿಗೆ ಇಳಿಯದೆಯೇ ನಾಲ್ಕು ಮನೆ ದಾಟಬಹುದು. ಅವ್ವ ಹಾಲಿಗೆ ಹೆಪ್ಪು ತರಲು ಪಕ್ಕದ ಮನೆಗೆ ಹೋದರೆ ಒಂದೂವರೆ ತಾಸಿನ ಮೇಲೆ ಮೂರು ಮನೆಯ ಸುದ್ದಿ ಹೊತ್ತು ಬರುತ್ತಾಳೆ, ಹೆಪ್ಪನ್ನು ಮಾತ್ರ ಅಲ್ಲೇ ಮರೆತಿರುತ್ತಾಳೆ. ಅದೇ ಕೆಲಸಕ್ಕೆ ನನ್ನನ್ನು ಕಳಿಸಿದರೆ ಹೊಸ್ತಿಲಾಚೆ ನಿಂತು, “ಹೆಪ್ಪು ಬೇಕಂತ” ಎಂದು ಹೇಳಿ, ಬಟ್ಟಲು ಹಿಡಿದು ಎರಡು ನಿಮಿಷದಲ್ಲಿ ವಾಪಸಾಗುತ್ತಿದ್ದೆ. “ಇದು ಹೆಣ್ಣೋ, ಪೋಸ್ಟಿನಾಂವೋ?” ಎಂದು ಅಜ್ಜಿ ಕೇಳುತ್ತಿದ್ದಳು. ನನಗೆ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಈಗ ನಾನು ಹುನಗುಂದದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಫೋನ್ ಬಂದರೆ ಅದು ರಿಂಗಾಗಿ ನಿಲ್ಲುವವರೆಗೂ ನೋಡುತ್ತಾ ಕುಳಿತು, ಆಮೇಲೆ “ಗಮನಿಸಲಿಲ್ಲ, ಏನು ವಿಷಯ?” ಎಂದು ಮೆಸೇಜು ಕಳಿಸುವವರ ಪಂಗಡ ನನ್ನದು. ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ನೀಲವ್ವ ಕಾಕಿಗೆ ಒಂದು ಆ್ಯಪ್ ಮಾಡಿಕೊಟ್ಟೆ. ಕಾಕಿ ಮೂವತ್ತು ವರ್ಷದಿಂದ ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ. ನೇಯ್ದದ್ದೆಲ್ಲ ವ್ಯಾಪಾರಿಯ ಅಂಗಡಿಗೇ ಹೋಗುತ್ತಿತ್ತು. “ನಾ ನೇಯ್ದ ಸೀರಿ ಯಾರು ಉಟ್ರು, ಯಾವ ಊರಿಗೆ ಹೋತು, ಒಂದೂ ಗೊತ್ತಾಗಂಗಿಲ್ಲ ನೋಡವ್ವಾ. ಒಮ್ಮೆರ ಉಡಾಕಿ ಮಾರಿ ನೋಡಿ ಕೊಡಬೇಕು ನಾ,” ಎಂದಿದ್ದಳು. ನಾಲ್ಕು ಸೀರೆಗಳ ಚಿತ್ರ ತೆಗೆದು ಹಾಕಿದೆ. ಪ್ರತಿಯೊಂದರ ಕೆಳಗೂ ಒಂದು ಹಸಿರು ಗುಂಡಿ. ಮುಟ್ಟಿದರೆ ಮೆಸೇಜಿನ ಆ್ಯಪ್ ತೆರೆದು ಕಾಕಿಯ ನಂಬರು ಬರುತ್ತದೆ. ಕೊಳ್ಳುವವರಿಗೆ ಟೈಪು ಮಾಡುವ ಕಷ್ಟವೂ ಬೇಡವೆಂದು ಮಾತನ್ನೂ ನಾನೇ ಬರೆದಿಟ್ಟಿದ್ದೆ. ಅವರು ಕಳಿಸಿದರೆ ಸಾಕು. ನನ್ನ ವಿದ್ಯಾರ್ಥಿನಿಯರ ಮೂಲಕ ಆ್ಯಪ್ ಹುನಗುಂದ, ಬಾದಾಮಿ, ಬಾಗಲಕೋಟೆಯ ಒಂದಷ್ಟು ಮನೆಗಳಿಗೆ ಹೋಯಿತು.

ಒಂದು ತಿಂಗಳಾಯಿತು. ಗುಂಡಿಯನ್ನು ಹನ್ನೊಂದು ಮಂದಿ ಮುಟ್ಟಿದ್ದಾರೆಂದು ಆ್ಯಪಿನ ದಾಖಲೆ ತೋರಿಸುತ್ತಿತ್ತು. ಕಾಕಿಯನ್ನು ಕೇಳಿದರೆ, “ಒಂದು ನರಪಿಳ್ಳಿನೂ ಕೇಳಿಲ್ಲವ್ವಾ,” ಎನ್ನುತ್ತಿದ್ದಳು. ಹನ್ನೊಂದು ಮಂದಿ ನನ್ನ ಮನೆಯಿಂದ ಹೊರಟಿದ್ದಾರೆ, ಪಕ್ಕದ ಮನೆಗೆ ಮುಟ್ಟಿಲ್ಲ. ನಾನು ನಂಬರನ್ನು ಅಂಕಿ ಅಂಕಿಯಾಗಿ ಪರೀಕ್ಷಿಸಿದೆ. ಮೂರು ಬೇರೆ ಬೇರೆ ಫೋನುಗಳಲ್ಲಿ ಗುಂಡಿ ಒತ್ತಿ ನೋಡಿದೆ. ಬಿಳಿ ಕ್ಷಣದ ನಂತರ ಕಾಕಿಯ ನಂಬರು ಪ್ರತಿ ಸಲವೂ ಬರುತ್ತಿತ್ತು. ಪಕ್ಕದ ಮನೆಗೆ ಹೋಗಿ ಕಾಕಿಯ ಫೋನನ್ನೇ ಒಂದು ಸಲ ನೋಡಬಹುದು ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಯಾರ ಫೋನನ್ನೂ ನೋಡಬಾರದೆಂಬುದು ನನ್ನ ನಿಯಮ.

ಕೊನೆಗೆ ಒಂದು ಭಾನುವಾರ ಸಂಜೆ ಕಾಕಿಯೇ ಹಿತ್ತಲಿಂದ ಬಂದು ನಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕುಳಿತಳು. “ಹಾಸ್ಟೆಲ್‌ನ್ಯಾಗ ಅಡಗಿ ಮಾಡಾಕ ಕರದಾರ. ನಾಳೆ ಮಧ್ಯಾಹ್ನದೊಳಗ ಹೇಳಬೇಕಂತ. ಹೂಂ ಅಂದುಬಿಡ್ತೇನಿ. ಸೀರಿ ವ್ಯಾಪಾರಿಗೆ ಕೊಟ್ಟು ಮಗ್ಗ ಬಿಚ್ಚಿ ಅಟ್ಟದ ಮ್ಯಾಲೆ ಹಾಕೂದು. ಹೊಸಾ ಹಾಸು ಹೂಡೂದಿಲ್ಲ ಇನ್ನ,” ಎಂದಳು. ಅವ್ವ ಬಟ್ಟಲಿಗೆ ಚಹಾ ಸೋಸುತ್ತಿದ್ದವಳು ಕೈ ತಡೆದಳು. ಹೊಸ ಸೀರೆಗೆ ಉದ್ದದ ನೂಲು, ಅಂದರೆ ಹಾಸು, ಹೂಡದ ಮಗ್ಗ ಎಂದರೆ ನಮ್ಮ ಓಣಿಯಲ್ಲಿ ನೇಕಾರಿಕೆಯೇ ಮುಗಿದಂತೆ. ನಾನು ನಿಯಮ ಮುರಿದು, “ಕಾಕಿ, ಫೋನ್ ಕೊಡು,” ಎಂದೆ.

ಹನ್ನೊಂದು ನಂಬರುಗಳೂ ಅದರಲ್ಲಿದ್ದವು. ಹನ್ನೊಂದೂ ಬ್ಲಾಕ್ ಆಗಿದ್ದವು.

“ಅವಾ? ಅವು ಕಳ್ಳರವು,” ಎಂದಳು ಕಾಕಿ, ಹೆಮ್ಮೆಯಿಂದ. “ಹನ್ನೊಂದು ನಂಬರ, ಎಲ್ಲಾದ್ರಾಗೂ ಒಂದ ಮಾತು. ಸೀರಿ ನಂಬರ ಬಿಟ್ರ ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ನೀನ ಹೇಳಿದ್ದೆಲ್ಲ ಸಂಘದ ಮೀಟಿಂಗಿನ್ಯಾಗ? ಗುರುತಿಲ್ಲದ ನಂಬರದಿಂದ ಸರಕಾರಿ ಭಾಷಾದಾಗ ಏನರ ಬಂತಂದ್ರ ಉತ್ತರಾ ಕೊಡಬ್ಯಾಡ್ರಿ, ಬ್ಲಾಕ್ ಮಾಡ್ರಿ ಅಂತ. ಬಂದದ್ದ ಬಂದಂಗ ಮಾಡೀನಿ.”

ಹೇಳಿದ್ದೆ. ಮಹಿಳಾ ಸಂಘದ ಸಭೆಯಲ್ಲಿ ಮೋಸದ ಮೆಸೇಜುಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದೆ. ನನ್ನ ಜೀವನದ ಅತಿ ದೀರ್ಘ ಭಾಷಣ ಅದು. ಬ್ಲಾಕ್ ಮಾಡುವುದನ್ನು ಕಾಕಿಯ ಬೆರಳು ಹಿಡಿದು ಕಲಿಸಿದ್ದೂ ನಾನೇ. ಇಷ್ಟು ಚೆನ್ನಾಗಿ ಪಾಠ ಒಪ್ಪಿಸಿದ ವಿದ್ಯಾರ್ಥಿ ನನ್ನ ಕಾಲೇಜಿನಲ್ಲಿ ಒಬ್ಬರೂ ಇಲ್ಲ.

“ಏನ್ ಬರದಾರ ಓದು ನೋಡೂಣು,” ಎಂದಳು ಅವ್ವ.

ನಾನು ಒಂದನ್ನು ಓದಿದೆ. “ಮಾನ್ಯರೇ, ತಮ್ಮ ಸೀರೆ ಸಂಖ್ಯೆ ನಾಲ್ಕರ ಕುರಿತು ಹೆಚ್ಚಿನ ವಿವರಗಳನ್ನು ಒದಗಿಸಬೇಕಾಗಿ ವಿನಂತಿ.”

“ಯವ್ವಾ! ಕೋರ್ಟಿನ ನೋಟೀಸ ಇದ್ದಂಗ ಐತಲ್ಲ!” ಎಂದು ಅವ್ವ ನಕ್ಕಳು.

“ಹೌದಿಲ್ಲೋ?” ಎಂದಳು ಕಾಕಿ. “ಸೀರಿ ಕೇಳಾಕಿ ಹಿಂಗ ಕೇಳ್ತಾಳೇನ? ಅಕ್ಕಾರ ಅಂತಾಳ, ಆರಾಮ ಅದೀರಿ ಅಂತಾಳ, ಬಣ್ಣ ಹೋಗೂದಿಲ್ಲಲ್ರಿ ಅಂತಾಳ. ‘ವಿವರ ಒದಗಿಸು’ ಅಂತಾಳೇನ? ಇದನ್ನ ಬರದಾವ ಹೆಣ್ಮಕ್ಕಳ ಕೂಡ ಒಮ್ಮೆನೂ ಮಾತಾಡಿಲ್ಲ ಬಿಡು.”

ನಾನು ಫೋನನ್ನು ಕಾಕಿಯ ಕೈಗೆ ಕೊಟ್ಟು, “ಕಾಕಿ, ಅದನ್ನ ಬರದಾಕಿ ನಾನ,” ಎಂದೆ.

ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. “ಮನ್ಯಾಗೂ ಹಂಗ ನೋಡು ಇಕಿ. ಚಾ ಬೇಕಂದ್ರ ಅರ್ಜಿ ಕೊಡ್ತಾಳ,” ಎಂದಳು. ಕಾಕಿ ಮಾತ್ರ ನಗಲಿಲ್ಲ. ಫೋನನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು: “ಅಲ್ಲ ತಂಗಿ, ಆ ಗುಂಡಿ ಒತ್ತಿದ ಕೂಡ್ಲೇ ಸೀದಾ ಫೋನ್ ಹತ್ತೂಹಂಗ ಮಾಡಾಕ ಬರ್ತಿದ್ದಿಲ್ಲೇನ? ನಾನ ಮಾತಾಡ್ತಿದ್ದೆ ಅವರ ಕೂಡ.”

ಬರುತ್ತಿತ್ತು. ಮೆಸೇಜಿನ ಆ್ಯಪಿನ ಬದಲು ಫೋನ್ ಮಾಡುವ ಆ್ಯಪನ್ನು ತೆರೆಯಲು ಬದಲಿಸಬೇಕಾದದ್ದು ಒಂದೇ ಸಾಲು. ಅದು ನನಗೆ ಮೊದಲಿಂದಲೂ ಗೊತ್ತಿತ್ತು. ಒತ್ತಿದ ತಕ್ಷಣ ಆಚೆಯಿಂದ ಮನುಷ್ಯರ ಧ್ವನಿ ಬರುವ ಗುಂಡಿಯನ್ನು ನಾನು ಜನ್ಮದಲ್ಲಿ ಒತ್ತುವುದಿಲ್ಲ, ಆದ್ದರಿಂದ ಬೇರೆಯವರೂ ಒತ್ತುವುದಿಲ್ಲ ಎಂದುಕೊಂಡಿದ್ದೆ. ಕಾಕಿಗೆಂದು ಹೇಳಿ ನಾನು ನನಗೇ ಒಂದು ಆ್ಯಪ್ ಮಾಡಿದ್ದೆ. ಯಾರೂ ಯಾರ ಕೂಡವೂ ಮಾತಾಡದೆ ಸೀರೆಯೊಂದು ಕೈ ಬದಲಾಯಿಸುವ ಜಗತ್ತು ಅದು. ಉಡುವವರ ಮುಖ ನೋಡಬೇಕೆಂದವಳಿಗೆ ಅದನ್ನು ಕೊಟ್ಟಿದ್ದೆ. ತಂತ್ರಾಂಶಕ್ಕೆ ಮಾಡಿದವರ ಸ್ವಭಾವ ಬರುವುದಿಲ್ಲವೆಂದು ತರಗತಿಯಲ್ಲಿ ಹೇಳುತ್ತಿದ್ದೆ. ಮುಂದಿನ ವರ್ಷ ಹೇಳುವುದಿಲ್ಲ.

ಹನ್ನೊಂದು ನಂಬರನ್ನೂ ಬ್ಲಾಕಿನಿಂದ ಬಿಡಿಸಿ, “ಈಗ ನೀನು ಮಾತಾಡು ಕಾಕಿ,” ಎಂದೆ. ಕಾಕಿ ಸೆರಗು ಹೊದ್ದುಕೊಂಡು ಎದ್ದಳು. “ಕಳ್ಳರಂತ ಬಾಗಲಾ ಹಾಕ್ಕೊಂಡೀನಿ ಅವರಿಗೆ. ಯಾವ ಮಾರಿ ಇಟ್ಕೊಂಡು ಮಾತಾಡ್ಲಿ? ತಪ್ಪು ಮಾಡಿದಾಕಿ ನೀ, ಮಾತಾಡಾಕಿನೂ ನೀನ. ಆಮ್ಯಾಲೆ ನನ್ನ ಕೈಯಾಗ ಕೊಡು.” ರಾತ್ರಿ ಊಟಕ್ಕೆ ಮುಂಚೆ ಆ ಒಂದು ಸಾಲನ್ನು ಬದಲಿಸಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಉಳಿದ ಹೊತ್ತೆಲ್ಲ ಫೋನಿನಲ್ಲಿ ಏನು ಹೇಳಬೇಕೆಂದು ಹಾಳೆಯ ಮೇಲೆ ಬರೆಯುವುದಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಕಾಕಿಯ ಮಗ್ಗದ ಪಕ್ಕ ನೆಲದ ಮೇಲೆ ಕುಳಿತು ಮೊದಲ ನಂಬರು ಒತ್ತಿದೆ. ಹುನಗುಂದದ ಒಬ್ಬಾಕೆ, ಬೇರೆ ಕಡೆ ಸೀರೆ ಕೊಂಡಾಯಿತು ಎಂದಳು. ಎರಡನೆಯಾಕೆ, “ಅಕ್ಕಾರ, ಆರಾಮ ಅದೀರಿ?” ಎಂದು ನಾನು ಬರೆದಿಟ್ಟ ವಾಕ್ಯ ಕೇಳಿದ್ದೇ ತಡ, “ಓಟಿಪಿ ಕೊಡಂಗಿಲ್ಲ ನಾ!” ಎಂದು ಕಟ್ ಮಾಡಿದಳು. ಮೂರನೆಯಾಕೆ ಬಾದಾಮಿಯವಳು. ದಾಳಿಂಬೆ ಬಣ್ಣದ ಸೀರೆ ಕೇಳಿದವಳು. “ನೀವ್ಯಾರ್ರಿ? ನೇಯ್ದಾಕಿನ?” ಎಂದಳು. ಅಲ್ಲ, ನೇಯ್ದಾಕಿಯ ಪಕ್ಕದ ಮನೆಯವಳು ಎಂದೆ. ಯಾರ ಪೈಕಿ, ಏನು ಓದಿದ್ದೀರಿ, ಎಲ್ಲಿ ಕೆಲಸ, ಊಟಕ್ಕೆ ಡಬ್ಬಿ ಒಯ್ಯುತ್ತೀರೋ ಹೇಗೆ ಎಂದು ಒಂದೊಂದಾಗಿ ಕೇಳಿದಳು. ಹಾಳೆಯಲ್ಲಿ ಇವುಗಳಿಗೆ ಉತ್ತರ ಇರಲಿಲ್ಲ. ಎದುರಿಗೆ ಕಾಕಿ ಲಾಳಿಯನ್ನು ಕೈಯಲ್ಲಿ ಹಿಡಿದು, ಸಪ್ಪಳವಾಗಬಾರದೆಂದು ನೇಯದೆ ಕುಳಿತಿದ್ದಳು. ನಾನು ಎಲ್ಲಕ್ಕೂ ಉತ್ತರ ಹೇಳಿದೆ. ಮೂರು ವರ್ಷದಿಂದ ಜೊತೆಗಿರುವ ಸಹೋದ್ಯೋಗಿಗಳಿಗೆ ಗೊತ್ತಿಲ್ಲದ್ದು ಹತ್ತು ನಿಮಿಷದಲ್ಲಿ ಬಾದಾಮಿಗೆ ತಿಳಿಯಿತು. ಆಮೇಲೆ ಫೋನನ್ನು ಕಾಕಿಗೆ ಕೊಟ್ಟೆ. ಅವರಿಬ್ಬರೂ ಒಬ್ಬರನ್ನೊಬ್ಬರು ಎಂದೋ ಬಲ್ಲವರಂತೆ ಮಾತಾಡಿದರು. ಆ ಸೀರೆ ಆಕೆಗೆ, ಅಂಥದ್ದೇ ಇನ್ನೊಂದು ಆಕೆಯ ತಾಯಿಗೆ. ತಾಯಿ, ಮಗಳು ಇಬ್ಬರೂ ಬರುವ ಭಾನುವಾರ ಬಂದು ಬಣ್ಣ ನೋಡಿಹೋಗುವುದೆಂದಾಯಿತು.

ಕಾಕಿ ಫೋನಿಟ್ಟು ನನ್ನನ್ನೇ ನೋಡಿದಳು. “ಅಕಿಗೊಬ್ಬ ತಮ್ಮ ಅದಾನಂತ. ಬ್ಯಾಂಕಿನ್ಯಾಗ ಕೆಲಸಂತ. ಬರೂವಾಗ ಅವನ್ನೂ ಕರ್ಕೊಂಡು ಬರ್ತಾಳಂತ,” ಎಂದು ಹೇಳಿ, ಹಾಸ್ಟೆಲಿನವರಿಗೆ ಫೋನ್ ಮಾಡಿ, “ಇಲ್ರಿ, ನನಗ ಬರಾಕ ಆಗಂಗಿಲ್ಲ, ಕೈಯಾಗ ಕೆಲಸ ಐತಿ,” ಎಂದಳು.

ಬಾದಾಮಿಯ ನಂಬರನ್ನು ಬ್ಲಾಕ್ ಮಾಡುವ ವಿದ್ಯೆ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಾಕಿಯ ಕಾಲು ಆಗಲೇ ಮಗ್ಗದ ತುಳಿಹಲಗೆಯ ಮೇಲಿತ್ತು. ಒಂದು ಲೋಟ ನೀರು ಕುಡಿದೆ. ಇನ್ನೂ ಎಂಟು ನಂಬರುಗಳಿದ್ದವು. ನಾಲ್ಕನೆಯದನ್ನು ಒತ್ತಿದೆ.