ಬಳ್ಳಾರಿಯ ವರ್ಗ ಮತ್ತು ಎರಡು ಮಲ್ಲಿಗೆ ಮೊಗ್ಗು

ನಾನು ಅಚ್ಚುಕಟ್ಟಾಗಿ ಹಾಕಿದ ಯೋಜನೆ ಅಷ್ಟೇ ಅಚ್ಚುಕಟ್ಟಾಗಿ ಕೆಡುತ್ತದೆ. ಒಂದೆರಡು ಸಲವಾಗಿದ್ದರೆ ನನ್ನದೇ ತಪ್ಪು ಅನ್ನುತ್ತಿದ್ದೆ. ಹದಿನಾಲ್ಕು ವರ್ಷ ಬಿಡದೆ ನಡೆದಾಗ, ಮೇಲೆ ಯಾರೋ ಕೂತು ಇದನ್ನೇ ಕೆಲಸ ಮಾಡಿಕೊಂಡಿದ್ದಾರೆ ಎಂದು ಒಪ್ಪಬೇಕಾಯಿತು.

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಆಸ್ಪತ್ರೆಗಳಲ್ಲಿ ಮೊದಲು ದಾದಿಯಾಗಿ, ಆಮೇಲೆ ಮೇಟ್ರನ್ ಆಗಿ ದುಡಿದವಳು ನಾನು. ನಮ್ಮ ಮನೆತನದಲ್ಲಿ ಸಂಬಳದ ಕೆಲಸ ಹಿಡಿದವಳು ನಾನೇ ಮೊದಲು. ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಸೀರೆಯ ಇಸ್ತ್ರಿ, ಹಾಸಿಗೆಯ ಮೂಲೆ, ಗಡಿಯಾರ, ಈ ಮೂರರಲ್ಲಿ ಯಾರಿಗೂ ರಿಯಾಯಿತಿ ಕೊಟ್ಟವಳಲ್ಲ.

ನನಗೆ ಬೇಕಾಗಿದ್ದುದು ಒಂದೇ, ಬಳ್ಳಾರಿಗೆ ವರ್ಗ. ಅಲ್ಲಿ ಎರಡು ಕೋಣೆಯ ಮನೆಯಲ್ಲಿ ನನ್ನ ಅಕ್ಕ ಒಬ್ಬಳೇ ಇದ್ದಳು. ಭಾವ ತೀರಿಕೊಂಡ ವರ್ಷ, ಇನ್ನು ನಾವಿಬ್ಬರೂ ಒಂದೇ ಕಡೆ ಇರೋಣ ಎಂದು ಮಾತಾಗಿತ್ತು. ಕಿಟಕಿಯಿಂದ ಕೋಟೆಗುಡ್ಡ ಕಾಣುವ ಕೋಣೆ ನನ್ನದು. ಪ್ರತಿ ಶನಿವಾರ ಅಕ್ಕ ಒಂದು ಕಾರ್ಡು ಬರೆಯುತ್ತಿದ್ದಳು: ‘ನಿನ್ನ ಮಂಚದ ಚಾದರ ಬದಲಿಸಿದೆ.’ ಯಾರೂ ಮಲಗದ ಮಂಚ ಅದು. ಆ ಸಾಲು ಓದಿದ ದಿನ ನಾನು ವಾರ್ಡಿನಲ್ಲಿ ಸ್ವಲ್ಪ ಹೆಚ್ಚೇ ಗದರುತ್ತಿದ್ದೆ. ಗದರದಿದ್ದರೆ ಅಳು ಬರುತ್ತಿತ್ತು.

೧. ಗೋಡೆಯ ಮೇಲಿನ ಅರ್ಜಿ

ಮೊದಲ ಅರ್ಜಿಯನ್ನು ಕೂಡ್ಲಿಗಿಯಿಂದ ಹಾಕಿದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದಂತೆ ಅಕ್ಷರ ಕೂಡಿಸಿ ಬರೆಯುವ ಇಂಗ್ಲಿಷಿನಲ್ಲಿ, ಒಂದು ಚಿತ್ತೂ ಇಲ್ಲದೆ ಬರೆದು ಗುಮಾಸ್ತರ ಕೈಗೆ ಕೊಟ್ಟೆ. ಮೂರು ತಿಂಗಳ ಮೇಲೆ ವರ್ಗದ ಪಟ್ಟಿ ಬಂತು. ನನ್ನ ಹೆಸರಿರಲಿಲ್ಲ.

‘ನನ್ನ ಅರ್ಜಿ ಕಳಿಸಿದಿರೋ ಇಲ್ಲವೋ?’ ಎಂದು ಕೇಳಿದೆ.

ಗುಮಾಸ್ತರು ಪೆನ್ನಿನ ಮುಚ್ಚಳ ತಿರುವತೊಡಗಿದರು. ‘ಸಿಟ್ಟಾಗಬ್ಯಾಡ್ರಿ ಅಮ್ಮಾರ. ಅಕ್ಷರ ನೋಡಿದೆ, ಮುತ್ತು ಪೋಣಿಸಿದಂಗ ಅದಾವು. ನನ್ನ ಮಗಳು ನೋಡಿ ಬರಿಲಿ ಅಂತ ನಾಕ ದಿನ ಮನಿಗೆ ಒಯ್ದೆ. ಅಲ್ಲೇ ಉಳೀತು.’

‘ಈಗ ಎಲ್ಲಿದೆ?’

‘ಗ್ವಾಡಿಗೆ ಹಚ್ಚೀವ್ರಿ.’

ಆ ವರ್ಷ ಶಾಲೆಯಲ್ಲಿ ದುಂಡು ಅಕ್ಷರಕ್ಕೆ ಅವರ ಮಗಳಿಗೇ ಬಹುಮಾನ ಬಂತು. ಗೆದ್ದ ಹಾಳೆಯನ್ನು ತಂದು ತೋರಿಸಿದಳು. ಒಂಬತ್ತು ವರ್ಷದ ಆ ಹುಡುಗಿ, ದಯವಿಟ್ಟು ತನ್ನನ್ನು ಬಳ್ಳಾರಿಗೆ ವರ್ಗ ಮಾಡಬೇಕೆಂದು ಸವಿನಯವಾಗಿ ವಿನಂತಿಸಿಕೊಂಡಿದ್ದಳು.

೨. ಸಾಹೇಬರ ಊಟ

ಹರಪನಹಳ್ಳಿಯಲ್ಲಿದ್ದಾಗ, ಅರ್ಜಿ ನಂಬಿ ಪ್ರಯೋಜನವಿಲ್ಲವೆಂದು ಮೇಲಧಿಕಾರಿಗಳನ್ನು ಸ್ವತಃ ಕಾಣಲು ಬಳ್ಳಾರಿಗೆ ಹೊರಟೆ. ಹನ್ನೊಂದಕ್ಕೆ ಬರಹೇಳಿದ್ದರು. ಗಂಜಿ ಹಾಕಿದ ಬಿಳಿ ಸೀರೆಯುಟ್ಟು ಬೆಳಗಿನ ಮೊದಲ ಬಸ್ಸು ಹತ್ತಿದೆ.

ಕೊಟ್ಟೂರು ಇನ್ನೂ ದೂರವಿತ್ತು. ರಸ್ತೆಯ ತುಂಬ ಕುರಿ. ಬೇವಿನ ಮರದ ಕೆಳಗೆ ಕುರಿಗಾರನ ಹೆಂಡತಿ ಹೆರಿಗೆ ನೋವು ತಿನ್ನುತ್ತಿದ್ದಳು. ಡ್ರೈವರ್ ಬಸ್ಸು ನಿಲ್ಲಿಸಿ, ನನ್ನನ್ನು ಕೇಳದೆಯೇ ಕೂಗಿ ಹೇಳಿದ: ‘ಅಂಜಬ್ಯಾಡ್ರಪ್ಪ, ಮೇಟ್ರನಮ್ಮಾರು ನಮ್ಮ ಬಸ್ಸಿನ್ಯಾಗ ಅದಾರ!’

ನಾನು ಗಡಿಯಾರ ನೋಡಿದೆ. ಬಳ್ಳಾರಿಯ ಕಡೆ ನೋಡಿದೆ. ಇಳಿದೆ. ಹೆಂಗಸರು ಸುತ್ತ ಕಂಬಳಿ ಹಿಡಿದು ನಿಂತರು. ಎರಡೂವರೆ ಗಂಟೆಯಾದರೂ ಬಸ್ಸಿನ ಒಬ್ಬರೂ ಗೊಣಗಲಿಲ್ಲ. ಗಂಡು ಕೂಸು, ತಾಯಿ ಕ್ಷೇಮ. ಹೊರಡುವಾಗ ಕುರಿಗಾರ ಒಂದು ಮರಿಯನ್ನು ನನ್ನ ಮಡಿಲಿಗಿಟ್ಟ. ‘ಒಲ್ಲೆ ಅನಬ್ಯಾಡ್ರಿ ನಮ್ಮವ್ವ, ಕೂಸಿಗೆ ಚಲೋ ಆಗಂಗಿಲ್ಲ.’

ಕಚೇರಿ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಜವಾನ ನನ್ನನ್ನು ನೋಡಿದ, ಮರಿಯನ್ನು ನೋಡಿದ, ದನಿ ತಗ್ಗಿಸಿದ. ‘ಸಾಹೇಬ್ರು ಕ್ಯಾಂಪಿಗೆ ಹೋಗ್ಯಾರ್ರಿ. ಇದ್ದಿದ್ರೂ ಉಪಯೋಗ ಇರಲಿಲ್ಲ ಬಿಡ್ರಿ. ಅವ್ರು ಬರೇ ಕಾಯಿಪಲ್ಲೆ ಉಣ್ತಾರ.’

ಅಕ್ಕನ ಮನೆಯಲ್ಲಿ ಅರ್ಧ ಗಂಟೆ ಕೂತೆ. ನನ್ನ ಕೋಣೆಯ ಕಿಟಕಿ ತೆರೆದು ಗುಡ್ಡ ನೋಡಿದೆ. ಆಮೇಲೆ ಬಸ್ಸು ಹಿಡಿಯಲೇಬೇಕಾಯಿತು. ಮರಿ ಅಲ್ಲೇ ಉಳಿಯಿತು. ಶನಿವಾರದ ಕಾರ್ಡು ಬಂತು: ‘ನಿನ್ನ ಮಂಚದ ಚಾದರವನ್ನು ಮರಿ ತಿಂದಿತು.’

೩. ಅವ್ವನಿಗೆ ಹೂವು ಕೇಳಿದ್ದು

ಹಗರಿಬೊಮ್ಮನಹಳ್ಳಿಗೆ ಬರುವ ಹೊತ್ತಿಗೆ ನನ್ನ ತಲೆ ನರೆತಿತ್ತು. ಏನೇ ಬೇಡಿದರೂ ‘ನಿನ್ನ ಚಿತ್ತ’ ಎಂದು ಮುಗಿಸಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ನಾನು ತಪ್ಪದೆ ಹಾಗೇ ಹೇಳುತ್ತಿದ್ದೆ. ಅದರ ಹಿಂದೆಯೇ, ಮರೆಯದಿರಲೆಂದು, ಊರಿನ ಹೆಸರನ್ನೂ ಸೂಚಿಸುತ್ತಿದ್ದೆ.

ನಮ್ಮ ಆಯಾ ಕೋಗಳಿ ಕಡೆಯವಳು. ಒಂದು ದಿನ ಹೇಳಿದಳು: ‘ನೀವು ಇಂಗ್ಲೀಷಿನ್ಯಾಗ ಬೇಡಿಕೊಂಡ್ರ ಈ ಕಡಿ ದೇವ್ರಿಗೆ ಹೆಂಗ ತಿಳೀಬೇಕ್ರಿ ಅಮ್ಮಾರ? ನಮ್ಮೂರ ಅವ್ವಗ ಹೂವು ಕೇಳೂನು ಬರ್ರಿ.’

ಅಲ್ಲಿ ಪೂಜಾರಿ ಎರಡು ಮಲ್ಲಿಗೆ ಮೊಗ್ಗನ್ನು ನೀರಿನಲ್ಲಿ ಅದ್ದಿ ದೇವಿಯ ಎರಡು ಭುಜಕ್ಕೆ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದಾದರೆ ಬೇಡ. ನಾನು ಕಣ್ಣು ಮುಚ್ಚಿ ಬಳ್ಳಾರಿ ಕೇಳಿದೆ. ಆಯಾ ಸೇರಿ ಆಸ್ಪತ್ರೆಯ ನಾಲ್ವರು ಹೆಂಗಸರು ಜೊತೆಗೆ ಬಂದು ನನ್ನ ಹಿಂದೆ ಕೂತಿದ್ದರು. ಒಂದು ತಾಸಾಯಿತು. ಎರಡು ಮೊಗ್ಗೂ ಅಲುಗಲಿಲ್ಲ.

ಪೂಜಾರಿಗೆ ರೇಗಿತು. ‘ಇದು ಹಿಂಗ ಆಗಂಗಿಲ್ಲ. ಯಾರೋ ಹಿಂದ ಕುಂತು ಎಡಕ್ಕ ಎಳ್ಯಾಕತ್ತೀರಿ!’

‘ನಾನ ರೀ,’ ಎಂದಳು ಆಯಾ. ‘ಅಮ್ಮಾರು ಹೋಗಬಾರ್ದು ಅಂತ.’

‘ನಾನೂ ರೀ,’ ಎಂದಿತು ಅವಳ ಹಿಂದಿನ ದನಿ. ಮೂರನೆಯವಳು, ನಾಲ್ಕನೆಯವಳು. ನಾನು ದಿನವೂ ಬೈಯುವ ನಾಲ್ವರೂ ಅವರೇ.

ಪೂಜಾರಿ ಮೊಗ್ಗು ತೆಗೆದಿಟ್ಟ. ‘ಮೊದ್ಲ ನೀವು ನೀವು ಒಂದ ಮಾತಿಗೆ ಬರ್ರಿ. ಆಮ್ಯಾಲ ಅವ್ವನ್ನ ಕೇಳೀರಂತ.’

ಇದನ್ನು ಅಕ್ಕನಿಗೆ ಬರೆದೆ. ಅವಳ ಉತ್ತರ ಎರಡೇ ಸಾಲು: ‘ನಾಲ್ಕು ಮಂದಿಗೆ ನೀನೊಬ್ಬಳು ಸಾಲುವುದಿಲ್ಲ. ನಿನ್ನ ಕಡೆಗೆ ಕೂಡಲು ನಾನು ಬರುತ್ತೇನೆ.’

ಬಂದಳು. ಹದಿನೈದು ದಿನದಲ್ಲಿ ನನ್ನ ಮನೆಗೆ ಹೊಂದಿಕೊಂಡಳು. ಆಯಾ ಸುಟ್ಟ ಜೋಳದ ರೊಟ್ಟಿ ತಿಂದಳು, ವಾರ್ಡಿನ ಬಾಣಂತಿಯರ ಜೊತೆ ಹರಟಿದಳು. ಕೆಲಸ ಮುಗಿಸಿ ಬಂದಾಗ ಮನೆಯ ಬಾಗಿಲು ಒಳಗಿನಿಂದ ತೆರೆಯುವುದು ಎಷ್ಟು ಸುಖವೆಂದು ನನಗೆ ಆಗ ತಿಳಿಯಿತು.

ಮತ್ತೆ ಎಲ್ಲರೂ ಹೂವು ಕೇಳಲು ಹೋದೆವು. ಆ ದಿನ, ಜೀವನದಲ್ಲಿ ಮೊದಲ ಸಲ, ನಾನು ‘ನಿನ್ನ ಚಿತ್ತ’ ಎಂದಷ್ಟೇ ಹೇಳಿ ಸುಮ್ಮನಾದೆ. ಊರಿನ ಹೆಸರು ಹೇಳಲಿಲ್ಲ.

ಪೂಜಾರಿ ಕೈ ತೆಗೆದನೋ ಇಲ್ಲವೋ, ಮೊಗ್ಗು ಬಿತ್ತು. ಎಡಗಡೆಯದು.

ಹದಿನಾಲ್ಕು ವರ್ಷದ ಆಸೆಯೂ ಅದರ ಜೊತೆ ಬಿತ್ತು. ನನ್ನ ಕಣ್ಣು ತುಂಬಿತು. ಅಕ್ಕನಿಗೆ ಏನು ಹೇಳಲಿ ಎಂದು ಪಕ್ಕಕ್ಕೆ ನೋಡಿದರೆ ಅಕ್ಕ ಅಲ್ಲಿಲ್ಲ. ಹಿಂದೆ, ಆಯಾಳ ಸಾಲಿನಲ್ಲಿ, ಗಟ್ಟಿಯಾಗಿ ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದಳು. ಸದ್ದಾದ ಮೇಲೆ ಒಂದು ಕಣ್ಣು ತೆರೆದಳು.

‘ಬಿತ್ತೇನವ್ವಾ? ಯಾ ಕಡಿ?’

‘ಎಡಕ್ಕೆ,’ ಎಂದೆ.

‘ಸದ್ಯ, ಬದುಕಿದೆ!’ ಎಂದು ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. ‘ಬಳ್ಳಾರಿ ಮನಿ ಬಾಡಿಗಿಗೆ ಕೊಟ್ಟ ಬಂದೀನಿ.’