ಮೋಶೆಯ ಡಿಪಾರ್ಟ್‌ಮೆಂಟಿನ ನಮ್ಮ ಮಾಮಾ

ನಮ್ಮ ಸೋದರಮಾವ ಕತಾರಿನ ಐನ್ ಖಾಲಿದ್‌ನಲ್ಲಿ ವಾಸವಾಗಿದ್ದಾರೆ ಎಂದು ಅವರ ಐಡಿ ಕಾರ್ಡು ಹೇಳುತ್ತದೆ. ನಂಬಬೇಡಿ. ಅವರು ಇರುವುದು ಮೋಶೆಗೆ ದೇವರ ನಿಯಮಗಳು ಸಿಕ್ಕ ಸೀನಾಯಿ ಬೆಟ್ಟದ ಬುಡದಲ್ಲಿ, ಮೂರು ಸಾವಿರ ವರ್ಷಗಳ ಹಿಂದೆ. ಇಲ್ಲಿಗೆ ಬರುವುದು ಡ್ಯೂಟಿಗೆ ಮಾತ್ರ.

ನಾವು ಗದಗ ಕಡೆಯ ಕ್ರೈಸ್ತರು. ಮಾಮಾ ಹಮದ್ ಬಂದರಿನ ಹತ್ತಿರದ ಒಂದು ಗೋದಾಮಿನಲ್ಲಿ ಸೇಫ್ಟಿ ಆಫೀಸರ್. ನನಗೂ ಅಲ್ಲೇ ಕೆಲಸ ಕೊಡಿಸಿ, ತಮ್ಮ ಮನೆಯಲ್ಲೇ ಒಂದು ಕೋಣೆ ಬಿಟ್ಟುಕೊಟ್ಟವರು. ಮೂರು ವರ್ಷದ ಹಿಂದಿನವರೆಗೂ ಅವರು ಎಲ್ಲರಂತೆಯೇ ಇದ್ದರು. ಇಲ್ಲಿನ ವಾರದ ರಜೆಯಾದ ಒಂದು ಶುಕ್ರವಾರ ಆರಾಧನೆ ಮುಗಿದ ಮೇಲೆ ಪಾಸ್ಟರು ಸಭೆಯ ಹಿರಿಯರಿಗೆ ಮಾತಾಡಲು ಒಂದೊಂದು ವಿಷಯ ಹಂಚಿದರು. ದೇವರ ಜನ ಪರಿಶುದ್ಧರಾಗಿ ಬದುಕುವುದು ಹೇಗೆ ಎಂದು ಮೋಶೆ ಇಸ್ರಾಯೇಲ್ಯರಿಗೆ ಕೊಟ್ಟ ನಿಯಮಗಳು ಮಾಮಾನ ಪಾಲಿಗೆ ಬಂದವು. ಪಾಸ್ಟರು ಕೇಳಿದ್ದು ಹದಿನೈದು ನಿಮಿಷದ ಭಾಷಣ. ಮಾಮಾ ಆ ಭಾಷಣವನ್ನು ಇಂದಿಗೂ ಮಾಡಿಲ್ಲ. ಮೊದಲು ಪಾಲಿಸಿ ನೋಡುತ್ತೇನೆ, ಆಮೇಲೆ ಮಾತಾಡುತ್ತೇನೆ ಎಂದುಬಿಟ್ಟರು.

ಎರಡು ಬಗೆಯ ನೂಲು ಬೆರೆತ ಬಟ್ಟೆ ತೊಡಬಾರದು ಎಂಬುದು ಆ ನಿಯಮಗಳಲ್ಲೊಂದು. ಅವತ್ತು ಸಂಜೆಯೇ ಮಾಮಾ ಕಪಾಟಿನ ಅಂಗಿಗಳ ಕಾಲರು ತಿರುವಿ ಲೇಬಲ್ ಓದಿದರು. ಪಾಸಾಗಿ ಉಳಿದದ್ದು ಎರಡು ಬನಿಯನ್, ಒಂದು ಲುಂಗಿ. ಕಂಪನಿಯ ಯೂನಿಫಾರ್ಮಿನಲ್ಲೂ ಹತ್ತಿಯ ಜೊತೆ ಪಾಲಿಯೆಸ್ಟರ್ ಇತ್ತು. ಅಪ್ಪಟ ಹತ್ತಿಯದು ಬೇಕೆಂದು ಸ್ಟೋರಿಗೆ ಹೋದರು. ಸ್ಟೋರ್‌ಕೀಪರ್ ಮಲಯಾಳಿ, ಸಂಭಾವಿತ. ಮೈ ತುರಿಸುತ್ತದೆಯೇ ಎಂದು ಕೇಳಿದ. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸುಳ್ಳಾಡಬಾರದು ಎಂಬುದೂ ಅದೇ ಪಟ್ಟಿಯಲ್ಲಿದೆಯಲ್ಲ? ಮೋಶೆ ಬೇಡ ಅಂದಿದ್ದಾನೆ ಎಂದರು ಮಾಮಾ. ಆತ ಫಾರ್ಮು ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಕೇಳಿದ: "ಮೋಶೆ ಕೌನ್ಸಾ ಡಿಪಾರ್ಟ್‌ಮೆಂಟ್?"

ಯೂನಿಫಾರ್ಮು ಸಿಕ್ಕಿತು. ಆ ಫಾರ್ಮಿನಲ್ಲಿ ಮಂಜೂರು ಮಾಡಿದವರ ಹೆಸರಿನ ಮುಂದೆ ಇವತ್ತಿಗೂ ಮೋಶೆ ಎಂದೇ ಇದೆ.

ನರೆಗೂದಲಿನವರು ಬಂದರೆ ಎದ್ದು ನಿಲ್ಲಬೇಕು ಎಂಬುದು ಇನ್ನೊಂದು ನಿಯಮ. ಮಾಮಾನ ತಲೆಯೇ ಪೂರ್ತಿ ಬೆಳ್ಳಗಿದೆ ಎಂಬುದು ತೊಡಕು. ಒಮ್ಮೆ ಮೆಟ್ರೋದಲ್ಲಿ ಬಿಳಿಗಡ್ಡದ ಪಾಕಿಸ್ತಾನಿ ಹಿರಿಯರೊಬ್ಬರು ಹತ್ತಿದರು. ಮಾಮಾ ಎದ್ದರು. ಅವರು ಮಾಮಾನ ತಲೆ ನೋಡಿ, ನೀವೇ ಕೂತುಕೊಳ್ಳಿ ಎಂದರು. ಇಬ್ಬರೂ ಕಂಬಿ ಹಿಡಿದು, ಒಬ್ಬರಿಗೊಬ್ಬರು ಗೌರವ ಕೊಡುತ್ತ, ಕೊನೆಯ ನಿಲ್ದಾಣದವರೆಗೂ ನಿಂತೇ ಹೋದರು. ಸೀಟು ಖಾಲಿ. ನನ್ನ ಕಾಲು ನೋಯುತ್ತಿತ್ತು. ಆದರೆ ಆ ಸೀಟಿನಲ್ಲಿ ಕೂರುವ ಧೈರ್ಯ ಯಾರಿಗಿತ್ತು?

ಚಳಿಗಾಲದಲ್ಲಿ ಮಾಮಾ ಮನೆಯ ಹಿಂದಿನ ಮಂಚದಗಲದ ಜಾಗದಲ್ಲಿ ಮೆಂತ್ಯ ಬೆಳೆಯುತ್ತಾರೆ. ಹೊಲದ ಮೂಲೆಯ ಪೈರನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕಂತೆ. ಮೂಲೆಯಲ್ಲಿ ಒಂದು ಮೊಳ ಅಳೆದು ದಾರ ಕಟ್ಟಿ, ಇದು ಪರದೇಶಿಗಳಿಗೆ ಎಂದು ಮೂರು ಭಾಷೆಯಲ್ಲಿ ಬರೆದ ರಟ್ಟು ನೆಟ್ಟರು. ವಾರವಾದರೂ ಯಾರೂ ಬರಲಿಲ್ಲ. ಮೆಂತ್ಯ ಬಲಿಯತೊಡಗಿತು. ಮಾಮಾನ ಹೆಂಡತಿ, ನಮ್ಮ ಅತ್ತಿ, ಕತ್ತರಿ ಹಿಡಿದು ಹಿತ್ತಲಿಗೆ ಹೋದರು. ಅದು ನಮ್ಮದಲ್ಲ ಎಂದು ಮಾಮಾ ಅಡ್ಡ ಬಂದರು.

"ಈ ಊರಾಗ ನಾ ಪರದೇಶಿ ಅಲ್ಲದ ಮತ್ತೇನ್ರೀ?" ಎಂದರು ಅತ್ತಿ.

ಮಾಮಾ ಬಗ್ಗಿ ದಾರ ಬಿಚ್ಚಿಕೊಟ್ಟರು. ಅವತ್ತು ಪಲ್ಯ ಚೆನ್ನಾಗಿತ್ತು.

ಇಷ್ಟೆಲ್ಲ ನಗುನಗುತ್ತಲೇ ನೋಡಿಕೊಂಡು ಬಂದವನು ನಾನು. ನಿಯಮ ನನ್ನ ಮನೆಬಾಗಿಲಿಗೇ ಬರುತ್ತದೆ ಎಂದು ಎಣಿಸಿರಲಿಲ್ಲ.

ಆಗ ನನಗೆ ಶಿಫ್ಟ್ ಸೂಪರ್‌ವೈಸರ್ ಹುದ್ದೆ ಸಿಕ್ಕಿ ನಾಲ್ಕು ತಿಂಗಳಾಗಿತ್ತು. ಒಂದು ಸಂಜೆ ಬ್ಯಾಡ್ಮಿಂಟನ್ ಆಟಕ್ಕೆ ಹೊತ್ತಾಯಿತೆಂದು, ಟೈಲ್ಸ್ ಪೆಟ್ಟಿಗೆಗಳನ್ನು ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಾಡುವ ದಾರಿಯ ತಿರುವಿನಲ್ಲೇ ಇಳಿಸಿ ಹೊರಟುಬಿಟ್ಟೆ. ಎದುರಿಗೆ ಮಾಮಾ ಸಿಕ್ಕರು. ಪೆಟ್ಟಿಗೆ ಸರಿಸಿ ಹೋಗು ಎಂದರು. ಸರಿಸುತ್ತೇನೆ ಎಂದು ಹೇಳಿ, ಅವರು ಅತ್ತ ಹೋದ ಮೇಲೆ ಇತ್ತ ಹೋದೆ. ಅರ್ಧ ತಾಸಿನಲ್ಲಿ ಹರ್ಕ ಎಂಬ ನೇಪಾಳಿ ಚಾಲಕ ಆ ತಿರುವಿಗೆ ಬಂದ. ಫೋರ್ಕ್‌ಲಿಫ್ಟ್ ಗುದ್ದಿ ಪೆಟ್ಟಿಗೆಗಳು ಉರುಳಿ ಟೈಲ್ಸ್ ಪುಡಿಯಾದವು, ಅವನ ಮೊಣಕೈ ಮುರಿಯಿತು.

ಚಾಲಕನ ಅಜಾಗರೂಕತೆ ಎಂದು ವರದಿ ಸಿದ್ಧವಾಯಿತು. ಅದಕ್ಕೆ ಸಹಿ ಬಿದ್ದರೆ ಅವನ ಕೆಲಸ ಖಲಾಸ್, ಊರಿಗೆ ಟಿಕೆಟ್. ನಾನು ತೆಪ್ಪಗಿದ್ದೆ. ಆ ರಾತ್ರಿ ಊಟ ಮುಗಿದ ಮೇಲೆ ಮಾಮಾ, ನೀನೇ ಹೋಗಿ ಹೇಳು ಎಂದರು. ತಪ್ಪು ಕಂಡರೆ ನೆರೆಯವನಿಗೆ ಮುಖ ನೋಡಿ ಹೇಳಬೇಕು, ಬೆನ್ನ ಹಿಂದೆ ಅಲ್ಲ, ಅದೂ ನಿಯಮ. ನಾಳೆ ಹೇಳುತ್ತೇನೆ ಎಂದೆ. ಮರುದಿನ ವಿಚಾರಣೆಯಲ್ಲಿ ನನ್ನ ಸರದಿ ಬಂತು. ನನಗೇನೂ ಗೊತ್ತಿಲ್ಲ ಎಂದೆ.

ನನ್ನದಾದ ಮೇಲೆ ಮಾಮಾನ ಸರದಿ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಈ ಹುಡುಗ ನಿಮಗೇನಾಗಬೇಕು ಎಂದು ಮ್ಯಾನೇಜರ್ ಕೇಳಿದಾಗ, "ಅಕ್ಕನ ಮಗ" ಎಂದರು. ಧ್ವನಿ ಒಂದಿಷ್ಟೂ ಬದಲಾಗಲಿಲ್ಲ.

ಹರ್ಕನ ಕೆಲಸ ಉಳಿಯಿತು. ನನ್ನ ಹುದ್ದೆ ಹೋಯಿತು; ಮತ್ತೆ ಪಟ್ಟಿ ಹಿಡಿದು ಪೆಟ್ಟಿಗೆ ಎಣಿಸುವ ಕೆಲಸ. ಅಂದೇ ಬ್ಯಾಗು ತುಂಬಿಕೊಂಡು ಮದೀನತ್ ಖಲೀಫಾ ಬಡಾವಣೆಯ ಗೆಳೆಯನ ಕೋಣೆಗೆ ಹೋದೆ. ಮಾಮಾನ ಫೋನು ಎತ್ತಲಿಲ್ಲ. ಗೋದಾಮಿನಲ್ಲಿ ಎದುರಾದರೆ ಬೇರೆ ಸಾಲಿಗೆ ತಿರುಗಿದೆ. ತಪ್ಪು ನನ್ನದೆಂದು ಮೊದಲ ದಿನದಿಂದಲೇ ಗೊತ್ತಿತ್ತು. ಸಿಟ್ಟು ಅಷ್ಟು ಬಿಗಿಯಾಗಿದ್ದದ್ದು ಅದಕ್ಕೇ ಇರಬೇಕು.

ಎರಡು ವಾರ ಕಳೆದ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ, ಮಾಮಾ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬನ್ನಿ ಎಂದು ನಾನು ಅನ್ನಲಿಲ್ಲ.

"ನಾ ಹೇಳಿದ್ದು ಖರೇನ ಐತಿ," ಎಂದರು. "ನಾಳೆ ಕರದು ಕೇಳಿದ್ರೂ ಅದನ್ನ ಹೇಳ್ತೇನಿ."

ಹಾಗಾದರೆ ಯಾಕೆ ಬಂದಿರಿ ಎಂದು ಕೇಳಿದೆ.

"ಮನಸ್ಸಿನ್ಯಾಗ ಸಿಟ್ಟು ಇಟ್ಕೋಬ್ಯಾಡ ಅಂತ ನಿಯಮ ಐತಿ. ನನಗ ಸಿಟ್ಟಿಲ್ಲ, ನಿನಗ ಐತಿ. ಎದುರಿನವಗ ಸಿಟ್ಟಿದ್ರ ನಾ ಏನ್ ಮಾಡಬೇಕು ಅಂತ ಹುಡುಕಿ ಹುಡುಕಿ ನೋಡಿದೆ. ಮೋಶೆ ಅದನ್ನ ಬರದಿಲ್ಲ." ನನ್ನ ಬ್ಯಾಗಿನ ಕಡೆ ಕೈ ತೋರಿಸಿದರು. "ನೀ ಇಲ್ದ ಊಟಕ್ಕ ಕುಂತ್ರ ತುತ್ತು ಇಳೀವಲ್ದು, ತಮ್ಮಾ. ಮನಿಗೆ ಬಾ."

ನಾನು ಬ್ಯಾಗು ತುಂಬಿದೆ.

ಇಲ್ಲಿನ ಕಾರಿನಲ್ಲಿ ಸ್ಟೇರಿಂಗ್ ಎಡಕ್ಕೆ; ಮಾಮಾ ಓಡಿಸಿದರು, ನಾನು ಅವರ ಬಲಕ್ಕೆ ಕೂತೆ. ಒಂಟಿ ಕೈಯಲ್ಲಿ ಸ್ಟೇರಿಂಗ್ ಹಿಡಿಯುವವರಿಗೆ ಗೋದಾಮಿನಲ್ಲಿ ನೋಟೀಸು ಕೊಡುವವರು ಮಾಮಾನೇ. ಆದರೆ ಮೊದಲ ಸಿಗ್ನಲ್ಲಿನಿಂದ ಐನ್ ಖಾಲಿದ್ ತಲುಪುವವರೆಗೂ ಅವರ ಬಲಗೈ ನನ್ನ ಮೊಣಕಾಲಿನ ಮೇಲೆಯೇ ಇತ್ತು.