ಲೂಸಿಗೆ ಬೇಕಾದ ಪಾಪ

ಏಳು ವರ್ಷದ ಲೂಸಿಗೆ ಪಾದ್ರಿಗಳ ಮುಂದೆ ಹೇಳಿಕೊಳ್ಳಲು ಒಂದು ಪಾಪವೂ ಸಿಗಲಿಲ್ಲ. ಅವಳಪ್ಪ ಇನಾಸನ ತಾಪತ್ರಯ ಶುರುವಾದದ್ದು ಇಲ್ಲಿಂದ.

ಇನಾಸ ಶಿರಸಿ ಪೇಟೆಯ ದರ್ಜಿ. ಊರು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿದ್ದರೂ ಅವನ ಅಂಗಡಿಯ ಬೋರ್ಡಿನ ಮೇಲೆ ಇನ್ನೂ 'ಮುಂಬಯಿ ಕಟಿಂಗ್' ಎಂದೇ ಇತ್ತು. ಮಗಳನ್ನು ದೇವರ ಭಯದಲ್ಲಿ ಬೆಳೆಸುವುದರಲ್ಲಿ ಜಿಲ್ಲೆಗೆ ತಾನೊಬ್ಬನೇ ಎಂದು ಅವನ ನಂಬಿಕೆ. ಗುಂಡಿ ಹಚ್ಚಿಸಲು ಬಂದವರಿಗೂ ಮಗಳ ಬಾಯಿಂದ ಹತ್ತು ಕಟ್ಟಳೆ ಕೇಳಿಸಿಯೇ ಕಳಿಸುತ್ತಿದ್ದ. ಮಗಳು "ಕದಿಯಬೇಡ" ಎನ್ನುವ ಹೊತ್ತಿಗೆ ಅವನ ಕತ್ತರಿ ಗಿರಾಕಿಯ ಬಟ್ಟೆಯಲ್ಲಿ ಗೇಣುದ್ದ ಒಳಗೆ ಸರಿದಿರುತ್ತಿತ್ತು. ಉಳಿದ ತುಂಡು ಮೇಜಿನ ಕೆಳಗಿನ ಪೆಟ್ಟಿಗೆಗೆ.

ನಾಳೆ ಭಾನುವಾರ ಲೂಸಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವವಳು. ಇಂದು ಸಂಜೆ ಇಗರ್ಜಿಗೆ ಹೋಗಿ ಪಾದ್ರಿಗಳ ಕಿವಿಯಲ್ಲಿ ಪಾಪ ಹೇಳಿಕೊಳ್ಳಬೇಕು. ಬಿಳಿ ಫ್ರಾಕು ಬೇಕಾದದ್ದು ನಾಳೆಗೆ. ಆದರೆ ಇಂದೇ ತೊಡಿಸಿ ನಾಲ್ಕು ಜನರಿಗೆ ತೋರಿಸದಿದ್ದರೆ ಇನಾಸನಿಗೆ ಅನ್ನ ಸೇರುವಂತಿರಲಿಲ್ಲ.

"ಪಪ್ಪಾ, ನಾ ಎಂತ ಪಾಪ ಹೇಳೂದು?"

ಬಟ್ಟೆಗೆ ಚುಚ್ಚುವ ಟಾಚಣಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದ ಇನಾಸ, "ನಾಲ್ಕು ಮಂದಿ ಹತ್ರ ಕೇಳು, ಹೋಗು" ಎಂದುಬಿಟ್ಟ.

ಅಪ್ಪನ ಮಾತು ಮೀರದ ಮಗು ಪಕ್ಕದ ಕಿರಾಣಿ ಅಂಗಡಿಗೆ ಹೋಯಿತು. ಬನವಾಸಿ ಕಡೆಯ ಚನ್ನಯ್ಯ ಬೆಲ್ಲ ತೂಗುತ್ತಿದ್ದ. ಬೆಲ್ಲಕ್ಕೆ ಬಂದ ನೀಲಗಂಗವ್ವ ತಕ್ಕಡಿಯ ಮೇಲೇ ಕಣ್ಣಿಟ್ಟು ನಿಂತಿದ್ದಳು.

"ಮಾಮಾ, ನಂಗೆ ಒಂದು ಪಾಪ ಬೇಕಿತ್ತು."

"ಎಷ್ಟು ದೊಡ್ಡದು ಬೇಕವಾ?"

"ಸಣ್ಣದು ಸಾಕು."

"ನಿಮ್ಮಪ್ಪನ ಹತ್ರ ಪೆಟ್ಟಿಗಿ ತುಂಬ ಅದಾವಲ್ಲ" ಎಂದಳು ನೀಲಗಂಗವ್ವ. "ನನ್ನ ಖಣದಾಗ ಕುಪ್ಪಸ ಹೊಲದು ಕೊಟ್ಟಾನ. ಕೈ ಮ್ಯಾಲೆತ್ತಿದ್ರ ಕೆಳಗ ಬರೂದಿಲ್ಲ."

"ನನ್ನ ಕೋಟಿಗೆ ಒಂದ ಕಿಸೆ. ಕೇಳಿದ್ರ, ಮುಂಬಯ್ಯಾಗ ಈಗ ಹಂಗ ಐತಿ ಅಂದ" ಎಂದ ಚನ್ನಯ್ಯ.

ಲೂಸಿ ಖುಷಿಯಿಂದ ಓಡಿ ಬಂದು ಮೇಜಿನ ಕೆಳಗೆ ತೂರಿ ಪೆಟ್ಟಿಗೆ ತೆರೆದಳು. "ಪಪ್ಪಾ, ಪಾಪ ಸಿಕ್ತು. ನಿಮ್ಮ ಹತ್ರವೇ ಇತ್ತು." ಅವಳ ಕೈಯಲ್ಲಿದ್ದ ಬಿಳಿ ತುಂಡೂ ಅವಳ ಮೈಮೇಲಿನ ಫ್ರಾಕೂ ಒಂದೇ ಬಟ್ಟೆ. "ಇದು ನೀವು ಹೊಲಿದ್ರಲ್ಲ, ಇಗರ್ಜಿಯ ಪೀಠಕ್ಕೆ ಹಾಸೂದು, ಅದೇ ಅಲ್ವಾ?"

ಟಾಚಣಿ ಇನಾಸನ ತುಟಿಗೆ ಚುಚ್ಚಿತು.

"ಅದನ್ನೆಲ್ಲ ಪಾದ್ರಿಗಳ ಹತ್ರ ಹೇಳೂದಲ್ಲ."

"ಮುಚ್ಚಿಟ್ರೆ ಅದೇ ದೊಡ್ಡ ಪಾಪ ಅಂತ ನೀವೇ ಹೇಳ್ಕೊಟ್ಟಿದ್ರಿ."

ಹೌದು, ಹೇಳಿಕೊಟ್ಟಿದ್ದ. ಬೆತ್ತ ಹಿಡಿದು ಹೇಳಿಕೊಟ್ಟಿದ್ದ. ಇನಾಸ ಪೆಪ್ಪರಮಿಂಟು ಕೊಟ್ಟು ನೋಡಿದ. "ಇದನ್ನೂ ಹೇಳ್ಬೇಕಾ?" ಎಂದಳು ಮಗಳು. ಕೊನೆಗೆ, ಮಗುವಿಗೆ ಜ್ವರ, ಇಂದು ಇಗರ್ಜಿಗೆ ಹೋಗುವುದಿಲ್ಲ ಎಂದು ಸಾರಿದ. ಅಷ್ಟರಲ್ಲಿ ನೀಲಗಂಗವ್ವ ಬಂದು ಲೂಸಿಯ ಹಣೆ ಮುಟ್ಟಿ, "ಹುಡುಗಿ ತಣ್ಣಗ ಅದಾಳ. ಬೆವರು ಬಂದಿದ್ದು ನಿನಗ" ಎಂದಳು. ಚನ್ನಯ್ಯ ಆಗಲೇ ತನ್ನ ಅಂಗಡಿಗೆ ಹಲಗೆ ಹಾಕಿ ಮುಚ್ಚುತ್ತಿದ್ದ. "ನಡೀರಿ, ನಿಮ್ಮ ಮಗಳ ಪುಣ್ಯದ ಕೆಲಸ ನಾವೂ ನೋಡೂಣು."

ನೋಡಲು ಬನ್ನಿ ಎಂದು ಎಂಟು ದಿನದಿಂದ ಕರೆಯುತ್ತಿದ್ದವನು ಅವನೇ. ಈಗ ಬೇಡವೆನ್ನುವುದು ಹೇಗೆ?

ಇಗರ್ಜಿಯಲ್ಲಿ ಲೂಸಿ ಮರದ ಪೆಟ್ಟಿಗೆಯಂಥ ಗೂಡಿನ ಪಕ್ಕ ಮೊಣಕಾಲೂರಿದಳು. ಒಳಗೆ ಪಾದ್ರಿಗಳು. ಹಿಂದಿನ ಬೆಂಚಿನಲ್ಲಿ ಇನಾಸ, ಇಸ್ತ್ರಿಯ ಕೆಳಗೆ ಸಿಕ್ಕ ಒದ್ದೆ ಅಂಗಿಯ ಹಾಗೆ ಹಬೆಯಾಡುತ್ತಿದ್ದ. ಸಣ್ಣ ಪಾಪಕ್ಕೆ ಇಷ್ಟು ಹೊತ್ತೇಕೆ? ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಬಿಡಿಸಿ ಇಡುತ್ತಿದ್ದಾಳೆಯೇ?

ಲೂಸಿ ನಗುತ್ತ ಬಂದಳು. ಅವಳ ಹಿಂದೆಯೇ ಪಾದ್ರಿಗಳು ಬಂದರು. ಬಂದವರು ಫ್ರಾಕನ್ನೇ ನೋಡಿ, "ಇನಾಸ, ನಿನ್ನ ಹತ್ತಿರ ಒಂದು ಮಾತಿದೆ. ಪೀಠದ ಬಟ್ಟೆಯ ವಿಷಯ" ಎಂದರು.

ಇನಾಸ ದೊಪ್ಪನೆ ಮೊಣಕಾಲೂರಿದ. "ತಪ್ಪಾಯ್ತು ಫಾದರ್. ಪೀಠದ ಬಟ್ಟೇಲಿ ಒಂದು ಗಜ ಕದ್ದದ್ದು ಹೌದು. ಈ ಫ್ರಾಕು ಅದರದೇ. ಚನ್ನಯ್ಯನ ಕೋಟಿಂದ ಒಂದು ಕಿಸೆ, ನೀಲಗಂಗವ್ವನ ಖಣದಲ್ಲಿ ಕಾಲು ಭಾಗ. ನಿಮ್ಮ ನಿಲುವಂಗಿಯಿಂದ್ಲೂ..."

ಇಗರ್ಜಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಅಂಗಿಯ ಅಂಚು ಮುಟ್ಟಿ ನೋಡಿಕೊಂಡರು.

ಪಾದ್ರಿಗಳು ಇನಾಸನ ರಟ್ಟೆ ಹಿಡಿದು ಎಬ್ಬಿಸಿದರು. ಆಮೇಲೆ, "ಬಟ್ಟೆ ಮೋಟಾಗಿತ್ತು. ಒಗೆದು ಕುಗ್ಗಿಸಿದ ಅಂತ ನಾನು ಅಗಸನಿಗೆ ಬೈದೆ. ಹೊಸದು ಹೊಲಿಯಲು ನಿನಗೇ ಕೊಡೋಣ ಅಂತ ಕರೆದದ್ದು" ಎಂದರು.

ಇನಾಸ ಮಗಳ ಕಡೆ ತಿರುಗಿದ. "ನೀ ಎಲ್ಲ ಹೇಳಿದ್ಯಲ್ಲೇ?"

"ಇಲ್ಲ ಪಪ್ಪಾ. ಬೇರೆಯವರ ಪಾಪ ಹೇಳಿದ್ರೆ ಅದು ಚಾಡಿ ಅಂತ ಫಾದರ್ ಅಂದ್ರು. ನಾ ಬೆಕ್ಕಿಗೆ ಒದ್ದದ್ದು ನೆನಪಾಯ್ತು. ಅದೊಂದೇ ಹೇಳ್ದೆ."

ಚನ್ನಯ್ಯ ಕೈಮುಗಿದ. "ಸ್ವಾಮೇರ, ಭಾಳ ಛಲೋ ಪದ್ಧತಿ ನಿಮ್ದು. ಮಕ್ಕಳಕಿಂತ ಅಪ್ಪಂದಿರು ಲಗೂ ಸುಧಾರಸ್ತಾರ."

ಆ ರಾತ್ರಿ ಇನಾಸನ ಅಂಗಡಿಯಲ್ಲಿ ಗೌರಿಹಬ್ಬದ ಮುನ್ನಾದಿನಕ್ಕಿಂತ ಹೆಚ್ಚು ಜನ. ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರಿದಿದ್ದರು. ಹಸಿರು ರೇಷ್ಮೆಯ ತುಂಡೊಂದನ್ನು ಆ ತುದಿಯಿಂದ ಚನ್ನಯ್ಯ, ಈ ತುದಿಯಿಂದ ನೀಲಗಂಗವ್ವ ಹಿಡಿದು ಎಳೆಯುತ್ತಿದ್ದರು. ಇಬ್ಬರೂ ಜನ್ಮದಲ್ಲಿ ರೇಷ್ಮೆ ಹೊಲಿಸಿದವರಲ್ಲ.

"ಇದು ಯಾರ್ದು, ಬೊಗಳೋ" ಎಂದರು ಇಬ್ಬರೂ.

"ನಂಗೆ ಗೊತ್ತಿಲ್ಲ" ಎಂದ ಇನಾಸ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನ ಪಾಪಗಳನ್ನೆಲ್ಲ ನಂಬಿದ ಊರು ಈ ಒಂದು ನಿಜವನ್ನು ಮಾತ್ರ ನಂಬಲಿಲ್ಲ.